ವಂಶಾವಳಿ ಎಂಬ ಕಾಲಂ

ಹಿಮಸಮುದ್ರದಲ್ಲಿ ಬಿದ್ದಿದ್ದ ಸುರಂಗವೊಂದನ್ನು ರಾಫಿಯಾ ಎತ್ತಿ ಕಲ್ಲಡ್ಕದ ಹಿಂದಿನ ಗುಡ್ಡಕ್ಕೆ ತಂದಿಟ್ಟಳು. ದೊಡ್ಡ ಕೆಲಸವೇನಲ್ಲ. ಅಕ್ಷಾಂಶದ ಜಾಗದಲ್ಲಿ ಎಪ್ಪತ್ತೈದು, ರೇಖಾಂಶದ ಜಾಗದಲ್ಲಿ ಹನ್ನೆರಡು ಎಂದು ಅಂಕಿಗಳು ಅದಲುಬದಲಾಗಿದ್ದವು. ವಾರಕ್ಕೆ ಹತ್ತು ಸಲ ಬರುವ ತಪ್ಪು. ನಾರ್ವೆಯಿಂದಾಚೆ, ಬಿಳಿ ನೀರಿನ ಮೇಲೆ, ಯಾರೂ ಕಾಣದ ಇನ್ನೊಂದು ಬಂಟ್ವಾಳ ತಾಲೂಕು ತೇಲುತ್ತಿತ್ತು. ಅಲ್ಲಿ ಏಳು ಅಂಗನವಾಡಿಗಳಿದ್ದವು, ಎರಡು ಹಾಲಿನ ಡಿಪೋಗಳಿದ್ದವು.

“ಇನ್ನೊಂದು ಸಿಕ್ಕಿತಾ?” ಪಕ್ಕದ ಕುರ್ಚಿಯಿಂದ ನವ್ಯಶ್ರೀ ಕೇಳಿದಳು.

“ಸಿಕ್ಕಿತು. ಪಾಪ, ಚಳಿಗೆ ಗಡಗಡ ನಡುಗ್ತಾ ಇತ್ತು.”

ಬಿ.ಸಿ.ರೋಡಿನಲ್ಲಿ, ಟೈಲ್ಸ್ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಅವರ ಆಫೀಸು. ಕಿಟಕಿ ಮುಚ್ಚಿದರೂ ಕಂಡಕ್ಟರುಗಳ ಕೂಗು ಒಳಗೆ ಬರುತ್ತಿತ್ತು. ಇಲ್ಲಿ ನಕ್ಷೆ ಮಾಡುವವರು ಯಾರೂ ಇರಲಿಲ್ಲ. ಬೇರೆಯವರು ಮಾಡಿದ ನಕ್ಷೆಗಳ ಜೊತೆ ಬರುವ ಮೆಟಾಡೇಟಾವನ್ನು, ಎಂದರೆ ನಕ್ಷೆಯ ಕುತ್ತಿಗೆಗೆ ಕಟ್ಟಿದ ಚೀಟಿಯನ್ನು, ಪರೀಕ್ಷಿಸುವುದು ಇವರ ಕೆಲಸ. ಇದನ್ನು ಯಾರು ಗುರುತಿಸಿದರು, ಯಾವಾಗ, ಯಾವ ಸಾಧನದಿಂದ, ಎಷ್ಟು ನಿಖರವಾಗಿ. ಚೀಟಿ ನಿಯಮದ ಪ್ರಕಾರ ಇದ್ದರೆ ಸಾಫ್ಟ್‌ವೇರ್ ಹಸಿರು ಗೆರೆ ತೋರಿಸುತ್ತಿತ್ತು, ಇಲ್ಲದಿದ್ದರೆ ಕೆಂಪು. ಮೂರು ವರ್ಷಗಳಿಂದ ರಾಫಿಯಾ ಮೂಡುಬಿದಿರೆಯಿಂದ ಬಸ್ಸಿನಲ್ಲಿ ಬಂದು ಕೆಂಪನ್ನು ಹಸಿರು ಮಾಡಿ ಬಸ್ಸಿನಲ್ಲಿ ಹಿಂದೆ ಹೋಗುತ್ತಿದ್ದಳು. ಮನೆಯಲ್ಲಿ ಉಮ್ಮ ಕೇಳಿದಾಗ “ಪರೀಕ್ಷೆ ಪೇಪರು ತಿದ್ದುವ ಹಾಗೆ” ಎಂದಿದ್ದಳು. ಅದಕ್ಕಿಂತ ಒಳ್ಳೆಯ ಉತ್ತರ ಅವಳಿಗೆ ಆಮೇಲೂ ಹೊಳೆದಿರಲಿಲ್ಲ.

ಈ ವಾರ ಬಂದಿದ್ದ ಕಂತು ಸುರಂಗಗಳದ್ದು. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಮನುಷ್ಯನೊಬ್ಬ ಬಗ್ಗಿ ನಡೆಯುವಷ್ಟು ತೋಡಿ, ಒಸರುವ ನೀರನ್ನು ಹೊರಗೆ ಹರಿಸುವ ಹಳೆಯ ಸುರಂಗಗಳು. ಅರವತ್ತಮೂರು ಇದ್ದವು. ಅಕ್ಷಾಂಶ ರೇಖಾಂಶಗಳನ್ನು ಅವಳು ಬೆಳಿಗ್ಗೆಯೇ ಸರಿಪಡಿಸಿದ್ದಳು. ಆದರೂ ಅರವತ್ತಮೂರಕ್ಕೆ ಅರವತ್ತಮೂರೂ ಕೆಂಪಾಗಿಯೇ ಉಳಿದವು. ಒಂದೇ ಕಾಲಂ, ಒಂದೇ ದೋಷ.

ಆ ಕಾಲಮಿನ ಇಂಗ್ಲಿಷ್ ಹೆಸರು ‘ಲೀನಿಯೇಜ್’. ಮಾಹಿತಿ ಎಲ್ಲಿಂದ ಹುಟ್ಟಿತು, ಯಾವ ಕೈಗಳನ್ನು ದಾಟಿ ಬಂತು, ಹೇಗೆ ಅಳೆದದ್ದು ಎಂದು ಅಲ್ಲಿ ಬರೆಯಬೇಕು. ಕ್ಷೇತ್ರಕ್ಕೆ ಹೋಗುವವರಿಗಾಗಿ ಕನ್ನಡದ ಫಾರಂ ಮಾಡುವಾಗ ಯಾರೋ ನಿಘಂಟು ನೋಡಿ ‘ವಂಶಾವಳಿ’ ಎಂದು ಬರೆದುಬಿಟ್ಟಿದ್ದರು. ಬೇರೆ ತಾಲೂಕುಗಳಲ್ಲಿ ಜನ ಅದನ್ನು ನೋಡಿ ತಲೆ ಕೆರೆದು ‘ಅನ್ವಯಿಸುವುದಿಲ್ಲ’ ಎಂದು ಬರೆದಿದ್ದರು. ಕಲ್ಲಡ್ಕ ಕಡೆಯ ಸುರಂಗಗಳನ್ನು ಪಟ್ಟಿ ಮಾಡಿದ್ದ ಮಹಾಲಿಂಗೇಶ್ವರ ಎಂಬವರು ಮಾತ್ರ ಕೇಳಿದ್ದನ್ನು ಕೊಟ್ಟಿದ್ದರು.

‘ಈ ಸುರಂಗವನ್ನು ತೋಡಿದವರು ಬಾಬು. ಬಾಬುವಿನ ತಾಯಿ ಕೊರಪೊಳು, ಆಕೆಯ ತಾಯಿ ಚೋಮು. ಬರಿ ಕೋಟ್ಯಾನ್. ಬಾಬುವಿಗೆ ಎಡಗೈಯಲ್ಲಿ ಆರು ಬೆರಳು. ಸುರಂಗ ಎಡಕ್ಕೆ ವಾಲಿರುವುದು ಅದರಿಂದಲೇ ಎಂದು ತಮಾಷೆ ಉಂಟು. ಅವರ ಮಗಳು ಈಗ ಪೊಳಲಿಯಲ್ಲಿ ಬೀಡಿ ಕಟ್ಟುತ್ತಾರೆ.’

‘ತೋಡಿದವರು ಹಸನಬ್ಬ. ಹೆಂಡತಿ ಆಸ್ಯಮ್ಮ ಮಣ್ಣು ಹೊತ್ತವರು. ಮೊಮ್ಮಗ ಅಬ್ದುಲ್ ರವೂಫ್ ಸೌದಿಯ ದಮ್ಮಾಮಿನಲ್ಲಿದ್ದಾರೆ, ಫೋನಿನಲ್ಲಿ ವಿಚಾರಿಸಿದೆ. ಅಜ್ಜನ ಹೆಸರು ಹೇಳುವಾಗ ಅವರು ಅತ್ತುಬಿಟ್ಟರು. ಇದನ್ನು ಈ ಕಾಲಮಿನಲ್ಲಿ ಬರೆಯಬಹುದೋ ಗೊತ್ತಿಲ್ಲ.’

ರಾಫಿಯಾ ಒಂದನ್ನು ಓದಿ, ಇನ್ನೊಂದನ್ನು ಓದಿ, ಊಟದ ಡಬ್ಬ ತೆರೆಯಲು ಮರೆತಳು. ನಲವತ್ತೊಂದನೆಯ ರೆಕಾರ್ಡಿನಲ್ಲಿ ಮಾತ್ರ ಒಂದೇ ಪದವಿತ್ತು: ‘ಬರಿ’.

“ಬರಿ ಅಂದ್ರೆ ಖಾಲಿ ಅಂತವಾ?” ನವ್ಯಶ್ರೀ ಇಣುಕಿದಳು. ಅವಳು ಶಿರ್ತಾಡಿಯವಳು, ಮನೆಯಲ್ಲಿ ತುಳು. “ಅಲ್ಲ, ನಮ್ಮ ಬರಿಯಾ? ತಾಯಿ ಕಡೆಯಿಂದ ಬರುವ ಕುಲದ ಹೆಸರು ಹೇಳ್ಲಿಕ್ಕೆ ಹೊರಟು ಅರ್ಧಕ್ಕೆ ಬಿಟ್ರಾ?”

“ಎರಡೂ ಆಗ್ತದೆ,” ಎಂದಳು ರಾಫಿಯಾ.

ಮೇಲ್ವಿಚಾರಕ ರಾಮಪ್ರಸಾದ್ ಪರದೆಯನ್ನು ಒಂದು ನಿಮಿಷ ನೋಡಿ ತಲೆ ಹಿಡಿದುಕೊಂಡ. “ಇದು ಎಂತ ಮಾರಾಯ್ತಿ, ಮದುವೆಗೆ ಸಂಬಂಧ ನೋಡ್ಲಿಕ್ಕೆ ಹೊರಟದ್ದಾ ಇವರು?”

“ಫಾರಮಿನಲ್ಲಿ ಕೇಳಿದ್ದೇ ಅದು.”

“ಕೇಳಿದ್ದು ತಪ್ಪು, ಒಪ್ಪಿದೆ. ಆದರೆ ಕಾಲಂ ತಗೊಳ್ಳುದು ಇನ್ನೂರೈವತ್ತು ಅಕ್ಷರ. ನಾಳೆ ಸಂಜೆ ಐದಕ್ಕೆ ಅಪ್ಲೋಡ್. ಉಳಿದದ್ದನ್ನು ಅದೇ ಕತ್ತರಿಸಿ ಬಿಸಾಡ್ತದೆ. ಮೊದಲ ಇನ್ನೂರೈವತ್ತೂ ತಪ್ಪು ಮಾಹಿತಿ ಅಂತ ರಿಜೆಕ್ಟ್ ಆಗ್ತದೆ. ನೀನು ಎಲ್ಲ ಅಳಿಸಿ ‘ಕ್ಷೇತ್ರ ಸಮೀಕ್ಷೆ’ ಅಂತ ಹಾಕು, ಮುಗೀತು.”

“ಇವರ ಹತ್ರ ಬೇರೆ ಪ್ರತಿ ಇಲ್ಲ. ಮೊಬೈಲಿನಲ್ಲೇ ನೇರ ತುಂಬಿಸಿದ್ದು. ಅಳಿಸಿದ್ರೆ ಹೋಯ್ತು.”

ರಾಮಪ್ರಸಾದ್ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಎದ್ದು ಹೋಗುತ್ತಿದ್ದ. ಅವನು ಅಲ್ಲೇ ನಿಂತು ಆರು ಬೆರಳಿನ ಬಾಬುವನ್ನು ಇನ್ನೊಮ್ಮೆ ಓದಿದ.

“ನಿಯಮದಲ್ಲಿ ದಾರಿ ಉಂಟಾದ್ರೆ ಹುಡುಕು,” ಎಂದ. “ನಿಯಮದ ಹೊರಗೆ ನನ್ನ ಹತ್ರ ಕೇಳ್ಬೇಡ.”

ನಿಯಮದ ಪುಸ್ತಕ ನೂರೆಂಬತ್ತು ಪುಟ. ಮೂರು ವರ್ಷದಲ್ಲಿ ಅವಳು ಅದನ್ನು ತಪ್ಪು ಹುಡುಕಲು ಮಾತ್ರ ತೆರೆದಿದ್ದಳು. ಅಂದು ಸಂಜೆ ಮೂಡುಬಿದಿರೆಯ ಬಸ್ಸಿನಲ್ಲಿ ಮೊಬೈಲಿನಲ್ಲಿಟ್ಟುಕೊಂಡು ಮೊದಲ ಸಲ ಕತೆಯ ಹಾಗೆ ಓದಿದಳು. ನೂರ ಹನ್ನೊಂದನೆಯ ಪುಟದಲ್ಲಿ ‘ಪೂರಕ ಮಾಹಿತಿ’ ಎಂಬ ಕಾಲಂ ಇತ್ತು. ಕಡ್ಡಾಯವಲ್ಲ. ಯಾರೂ ತುಂಬಿಸುತ್ತಿರಲಿಲ್ಲ. ಅಕ್ಷರಗಳ ಮಿತಿ: ಇಲ್ಲ. ಅವಳು ನಿಂತಲ್ಲೇ, ಕಂಬಿ ಹಿಡಿದ ಕೈಯನ್ನೇ ಬಿಟ್ಟು ರಾಮಪ್ರಸಾದನಿಗೆ ಫೋನ್ ಮಾಡಿದಳು.

“ಆಯ್ತು,” ಎಂದ ಅವನು. “ಆದರೆ ಲೀನಿಯೇಜಿನಲ್ಲಿ ಅಳತೆಯ ವಿವರ ಬೇಕು. ನೀನು ಊಹಿಸಿ ತುಂಬಿಸುವ ಹಾಗಿಲ್ಲ. ಸಮೀಕ್ಷೆ ಮಾಡಿದವರೇ ಹೇಳ್ಬೇಕು, ಒಂದೊಂದಕ್ಕೂ.”

ಮಹಾಲಿಂಗೇಶ್ವರರು ಮರುದಿನ, ಶುಕ್ರವಾರ, ಒಂಬತ್ತೂಕಾಲಕ್ಕೇ ಬಂದು ಮೆಟ್ಟಿಲಿನ ಬುಡದಲ್ಲಿ ನಿಂತಿದ್ದರು. ಎಪ್ಪತ್ತು ದಾಟಿದ ತೆಳ್ಳಗಿನ ಮನುಷ್ಯ. ಇಸ್ತ್ರಿ ಮಾಡಿದ ಅಂಗಿಯ ಜೇಬಿನಲ್ಲಿ ಒಂದು ಲಕೋಟೆ. ಮೂವತ್ನಾಲ್ಕು ವರ್ಷ ಹಳ್ಳಿಯ ಅಂಚೆ ಹಂಚಿದವರು. ಆಫೀಸಿನೊಳಗೆ ಬಂದ ಕೂಡಲೇ ಅವರ ಭಾಷೆ ಅಂಚೆ ಕಚೇರಿಯ ಕನ್ನಡವಾಯಿತು.

“ತಾವು ದೂರವಾಣಿಯಲ್ಲಿ ಕೆಲಸದ ವಿಷಯ ಎಂದಿರಿ. ಪ್ರಮಾಣಪತ್ರ ಏನಾದರೂ ಕೊಡುವುದಾದರೆ ಬೇಕಾದೀತು ಎಂದು ಭಾವಚಿತ್ರ ತಂದಿದ್ದೇನೆ. ಎರಡು ಪ್ರತಿ.”

ರಾಫಿಯಾ ಲಕೋಟೆಯನ್ನು ತೆಗೆದುಕೊಂಡು ಕೀಬೋರ್ಡಿನ ಪಕ್ಕದಲ್ಲಿಟ್ಟಳು. ಬೇರೇನು ಮಾಡುವುದೆಂದು ತೋಚಲಿಲ್ಲ. ಅವರನ್ನು ಪಕ್ಕದಲ್ಲಿ ಕೂರಿಸಿ, ಚಹಾ ತರಿಸಿ, ಮೊದಲ ರೆಕಾರ್ಡ್ ತೆರೆದು ಬಾಬುವಿನ ಆರು ಬೆರಳನ್ನು ‘ಪೂರಕ ಮಾಹಿತಿ’ಗೆ ಸರಿಸಿದಳು. ಖಾಲಿಯಾದ ಕಾಲಮಿನಲ್ಲಿ ಕರ್ಸರ್ ಮಿಣುಕತೊಡಗಿತು.

“ಇದನ್ನು ಅಳೆದದ್ದು ಹೇಗೆ, ಮಾವ?”

ಅವರು ಪರದೆಯ ಹತ್ತಿರ ಬಾಗಿ ನೋಡಿದರು. “ನಾನು ಬರೆದದ್ದು ಅಲ್ಲಿಂದ ಹೋಯಿತಲ್ಲ.”

ಆಗ ಹೇಳಲೇಬೇಕಾಯಿತು. ಅವಳು ಹೇಳಿದಳು. ಫಾರಂ ಮಾಡಿದವರ ತಪ್ಪು, ನಿಮ್ಮದಲ್ಲ ಎಂದಳು. ವಂಶಾವಳಿ ಅಂದರೆ ಮನುಷ್ಯರದ್ದಲ್ಲ, ಅಂಕಿಯದ್ದು ಎಂದಳು. ಹೇಳುತ್ತ ಹೋದಂತೆ ತನ್ನ ಸ್ವರ ಸಣ್ಣದಾಗುತ್ತಿರುವುದು ಅವಳಿಗೇ ಕೇಳಿಸಿತು. ಕೆಳಗೆ ಯಾವುದೋ ಬಸ್ಸಿನವ “ಪುತ್ತೂರು ಪುತ್ತೂರು” ಎಂದು ಕೂಗಿ ಸುಮ್ಮನಾದ.

“ಅಂದರೆ ಎರಡು ಬೇಸಿಗೆ ನಾನು ಬೇಡದ್ದನ್ನು ಬರೆದದ್ದು.”

“ಬೇಡದ್ದಲ್ಲ. ಅದಕ್ಕೆ ಬೇರೆ ಜಾಗ ಉಂಟು. ಇಲ್ಲಿ ಹಾಕ್ತಾ ಇದ್ದೇನೆ, ನೋಡಿ. ಒಂದಕ್ಷರ ಬಿಡುದಿಲ್ಲ.”

ಅವರು ಎರಡು ಚೌಕಗಳನ್ನೂ ನೋಡಿದರು. ಆಮೇಲೆ ಮುಖದ ಗಂಟು ಸ್ವಲ್ಪ ಸಡಿಲಾಯಿತು.

“ವಿಳಾಸ ತಪ್ಪಿದ ಕಾಗದ.”

“ಹಾಂ?”

“ರೀಡೈರೆಕ್ಟ್ ಮಾಡುದು. ನಮ್ಮಲ್ಲಿ ದಿನಾ ಇದ್ದದ್ದೇ ಮಾರಾಯ್ತಿ. ಕಾಗದ ಸರಿ, ಮನೆ ತಪ್ಪು.” ಅವರು ಕುರ್ಚಿಯನ್ನು ಎಳೆದುಕೊಂಡರು. ಅಂಚೆ ಕಚೇರಿಯ ಕನ್ನಡ ಅಲ್ಲಿಗೆ ಮುಗಿಯಿತು. “ಹೂಂ, ಬರಿ. ಬಾಬುವಿನದ್ದು ಟೇಪಿನಲ್ಲಿ ಅಳೆದದ್ದು. ಟೇಪಿನ ತುದಿ ಹಿಡ್ಕೊಂಡು ಒಳಗೆ ಹೋದದ್ದು ಬಾಬುವಿನ ಮೊಮ್ಮಗ ಅಮಲ್. ತಾರೀಕು ಮಾರ್ಚ್ ಒಂಬತ್ತು.”

“ತಾರೀಕು ಅಷ್ಟು ಸರಿ ನೆನಪುಂಟಾ?”

“ಅವತ್ತು ಅವರ ಮನೆಯಲ್ಲಿ ಎಳೆ ಹಲಸಿನ ಗುಜ್ಜೆಯ ಪಲ್ಯ. ವರ್ಷದ ಮೊದಲ ಗುಜ್ಜೆ. ಅದು ಮರೀಲಿಕ್ಕುಂಟಾ?”

ಹೀಗೆ ಶುರುವಾದದ್ದು ನಿಲ್ಲಲಿಲ್ಲ. ಪ್ರತಿ ಅಳತೆಗೂ ಅವರಲ್ಲಿ ಒಂದು ಊಟ, ಒಂದು ನಾಯಿ, ಒಂದು ಜಗಳ ಇತ್ತು. ಅವೆಲ್ಲವನ್ನೂ ದಾಟಿ ತಾರೀಕಿಗೆ ತಲುಪುತ್ತಿದ್ದರು. ತಾರೀಕನ್ನು ಫೋನಿನ ಫೋಟೋಗಳಿಗೆ ಹೋಲಿಸಿದರೆ ಸರಿಯಾಗಿಯೇ ಇರುತ್ತಿತ್ತು. ರಾಫಿಯಾ ಕಿವಿಯಲ್ಲಿ ಊಟ ಕೇಳುತ್ತ ಬೆರಳಿನಲ್ಲಿ ತಾರೀಕು ಹೊಡೆಯುತ್ತಿದ್ದಳು. ಅಡಿಗಳನ್ನು ಮೀಟರಿಗೆ ತಿರುಗಿಸುವುದನ್ನು ನವ್ಯಶ್ರೀ ವಹಿಸಿಕೊಂಡಳು. ಹನ್ನೆರಡಕ್ಕೆ ಇಪ್ಪತ್ತೆರಡು ಹಸಿರು. ಎರಡೂವರೆಗೆ ನಲವತ್ತು.

“ಮುಂದಿನದು,” ಎಂದಳು ರಾಫಿಯಾ.

ನಲವತ್ತೊಂದನೆಯದರಲ್ಲಿ ‘ಬರಿ’ ಎಂದಷ್ಟೇ ಇತ್ತು.

“ಅದು ನಮ್ಮ ಮನೆಯ ಹಿಂದಿನದು,” ಎಂದರು ಅವರು. “ಮುಂದೆ ಹೋಗುವ.”

ಅವಳು ಮುಂದೆ ಹೋದಳು. ನಾಲ್ಕೂಕಾಲಕ್ಕೆ ಅರವತ್ತೆರಡು ಹಸಿರಾಗಿ, ಪಟ್ಟಿಯ ನಡುವೆ ಒಂದು ಕೆಂಪು ಗೆರೆ ಉಳಿಯಿತು. ರಾಮಪ್ರಸಾದ್ ಬಂದು ಹಿಂದೆ ನಿಂತ.

“ಅದೊಂದನ್ನು ಬಿಡುದಾದ್ರೆ ಬಿಡುವ,” ಎಂದ. “ನಕ್ಷೆಯಲ್ಲಿ ಅದು ಬರುದಿಲ್ಲ, ಅಷ್ಟೇ. ಅರವತ್ತೆರಡು ಬರ್ತದೆ.”

ಮಹಾಲಿಂಗೇಶ್ವರರು ಚಹಾದ ಖಾಲಿ ಲೋಟವನ್ನು ತಿರುಗಿಸುತ್ತಿದ್ದರು. “ಬರುದೇ ಇಲ್ವಾ?”

“ಬರುದಿಲ್ಲ ಮಾವ,” ಎಂದಳು ರಾಫಿಯಾ. “ಆದರೆ ತೋಡಿದವರ ಹೆಸರು ಹೇಳ್ಬೇಕು ಅಂತ ಇಲ್ಲ. ಪೂರಕ ಮಾಹಿತಿ ಕಡ್ಡಾಯ ಅಲ್ಲ, ಖಾಲಿ ಬಿಡ್ತೇನೆ. ಅಳತೆ ಹೇಗೆ ಮಾಡಿದ್ದು ಅಂತ ಮಾತ್ರ ಹೇಳಿ. ಉದ್ದ ನೂರ ಹದಿನೈದು ಅಡಿ ಅಂತ ಉಂಟು. ಟೇಪಾ?”

“ಟೇಪಲ್ಲ.”

“ಮತ್ತೆ?”

“ಅಳೀಲಿಲ್ಲ. ಗೊತ್ತು.”

“ಗೊತ್ತು ಅಂತ ಹಾಕ್ಲಿಕ್ಕೆ ಆಗುದಿಲ್ಲ. ಯಾರು ಅಳೆದದ್ದು, ಯಾವುದರಲ್ಲಿ ಅಂತ ಬೇಕು.”

ಅವರು ರಾಮಪ್ರಸಾದನನ್ನು ನೋಡಿದರು. ಅವನು ಫೋನ್ ಬಂದವನ ಹಾಗೆ ಕಿವಿಗೆ ಕೈಯಿಟ್ಟು ಹೊರಗೆ ಹೋದ. ನವ್ಯಶ್ರೀ ಮೀಟರುಗಳ ಪಟ್ಟಿಯ ಮೇಲೆ ಬಾಗಿದಳು.

“ಅಳೆದದ್ದು ಅಪ್ಪ,” ಎಂದರು ಮಹಾಲಿಂಗೇಶ್ವರರು. “ಕೋಲಿನಲ್ಲಿ. ಸುರಂಗ ತೋಡುವವರ ಕೋಲು ಉಂಟಲ್ಲ, ಎರಡೂವರೆ ಅಡಿಯದ್ದು. ನಲವತ್ತಾರು ಕೋಲು.”

ರಾಫಿಯಾ ಟೈಪ್ ಮಾಡಿದಳು. ಅಳೆದವರ ಹೆಸರು ಕೇಳಿದಳು. ಐತಪ್ಪ ಎಂದರು. ವರ್ಷ ಕೇಳಿದಳು. ಅರವತ್ತೊಂಬತ್ತು ಎಂದರು. ಇಷ್ಟಕ್ಕೆ ಗೆರೆ ಹಸಿರಾಗುತ್ತಿತ್ತು. ಆದರೆ ಅವಳ ಕೈ ಅಭ್ಯಾಸದಿಂದ ಮುಂದಿನ ಪ್ರಶ್ನೆಗೆ ಹೋಯಿತು. ಬೆಳಿಗ್ಗೆಯಿಂದ ಅರವತ್ತೆರಡು ಸಲ ಕೇಳಿದ ಪ್ರಶ್ನೆ.

“ತುದಿ ಹಿಡ್ಕೊಂಡು ಒಳಗೆ ಹೋದದ್ದು ಯಾರು?”

ಲೋಟ ತಿರುಗುವುದು ನಿಂತಿತು.

“ಅಪ್ಪ ಒಳಗೆ ಹೋಗ್ಲಿಲ್ಲ,” ಎಂದರು. “ಹೋಗ್ಲಿಕ್ಕೆ ಆಗ್ತಿರ್ಲಿಲ್ಲ. ಊರಿನವರಿಗೆಲ್ಲ ಹದಿನೆಂಟು ಸುರಂಗ ತೋಡಿದ ಜನ. ನಮ್ಮದಕ್ಕೆ ಕೈ ಹಾಕಿ ಆರು ಕೋಲು ಆಗುವಾಗ ತಾಳೆಮರದಿಂದ ಬಿದ್ರು. ಸೊಂಟದಿಂದ ಕೆಳಗೆ ಹೋಯ್ತು. ಜಗಲಿಯಲ್ಲಿ ಮಂಚ.”

ಆಮೇಲೆ ಅವರು ಹೇಳಿದ್ದು ತುಳುವಿನಲ್ಲಿ. ರಾಫಿಯಾ ಕೀಬೋರ್ಡಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡು ಕೇಳಿದಳು. ಉಳಿದ ನಲವತ್ತು ಕೋಲು ಅಪ್ಪೆ ತೋಡಿದ್ದು, ಅಮ್ಮ. ಬೆಳಕು ಹರಿಯುವ ಮೊದಲು ಪಿಕ್ಕಾಸು ಹಿಡಿದು ಒಳಗೆ ಹೋಗುತ್ತಿದ್ದರು, ನೆರೆಯವರು ಎದ್ದು ಬರುವ ಹೊತ್ತಿಗೆ ಸ್ನಾನ ಮಾಡಿ ಒಲೆಯ ಮುಂದೆ ಕೂತಿರುತ್ತಿದ್ದರು. ಮಣ್ಣು ಹೊತ್ತು ತೋಟದ ತುದಿಗೆ ಸುರಿಯುವ ಕೆಲಸ ಮಕ್ಕಳದ್ದು. ಅಪ್ಪ ಮಂಚದಲ್ಲಿ ಮಲಗಿ ಪಿಕ್ಕಾಸಿನ ಶಬ್ದ ಕೇಳುತ್ತಿದ್ದರು. ಶಬ್ದ ಬದಲಾದರೆ ಮಗನನ್ನು ಕರೆದು ‘ಅವಳಿಗೆ ಹೇಳು, ಎದುರು ಬಂಡೆ ಉಂಟು, ಬಲಕ್ಕೆ ತಿರುಗ್ಲಿ’ ಎನ್ನುತ್ತಿದ್ದರು. ಅಮ್ಮ ಒಂದು ಹಗ್ಗವನ್ನು ಸುರಂಗದ ಕೊನೆಯವರೆಗೆ ಎಳೆದು, ಅದನ್ನು ತಂದು ಮಂಚದ ಮೇಲೆ ಹಾಕುತ್ತಿದ್ದರು. ಅಪ್ಪ ತನ್ನ ಕೋಲು ಇಟ್ಟು ಅಳೆಯುತ್ತಿದ್ದರು. ಮೂರು ವರ್ಷ.

“ಯಾರಿಗೂ ಹೇಳ್ಬೇಡ ಮಗಾ ಅಂದಿದ್ರು ಅಮ್ಮ,” ಮಹಾಲಿಂಗೇಶ್ವರರು ಮತ್ತೆ ಕನ್ನಡಕ್ಕೆ ಬಂದರು. “ಅಪ್ಪನಿಗೆ ಬೇಜಾರಾಗ್ತದೆ ಅಂತ. ಊರಿನಲ್ಲಿ ಈಗಲೂ ಅದು ಐತಪ್ಪನ ಸುರಂಗ. ಇಬ್ಬರೂ ಹೋಗಿ ಎಷ್ಟೋ ವರ್ಷ ಆಯ್ತು. ಆದರೂ ಆ ಕಾಲಮಿನಲ್ಲಿ ಎಂತ ಬರೀಲಿ? ಅಪ್ಪನ ಹೆಸರು ಬರೆದ್ರೆ ಸುಳ್ಳು. ಅಮ್ಮನದ್ದು ಬರೆದ್ರೆ ಮಾತು ತಪ್ಪಿದ ಹಾಗೆ. ನಮ್ಮಲ್ಲಿ ಬರಿ ಬರುದು ತಾಯಿಯಿಂದ. ಅದನ್ನಾದ್ರೂ ಬರೆಯುವ ಅಂತ ಬರಿ ಅಂತ ಹೊಡೆದೆ. ಆಮೇಲೆ ಬೆರಳು ಹೋಗ್ಲಿಲ್ಲ.”

ಗಂಟೆ ನಾಲ್ಕು ಮೂವತ್ತೈದು. ರಾಫಿಯಾಳಿಗೆ ಗೊತ್ತಿದ್ದದ್ದು ಕಾಲಂ ಮಾತ್ರ.

“ಮಾವ, ಇಲ್ಲಿ ತೋಡಿದವರು ಯಾರು ಅಂತ ಕೇಳುದೇ ಇಲ್ಲ,” ಎಂದಳು ನಿಧಾನಕ್ಕೆ. “ಅಳೆದದ್ದು ಹೇಗೆ ಅಂತ ಕೇಳ್ತದೆ. ಅಳೆದದ್ದು ಅಪ್ಪ, ಸುಳ್ಳಲ್ಲ. ಹಗ್ಗ ಹಿಡ್ಕೊಂಡು ಒಳಗೆ ಹೋದದ್ದು ಅಮ್ಮ, ಅದೂ ಸುಳ್ಳಲ್ಲ. ಅಷ್ಟೇ ಬರೆಯುವನಾ?”

ಅವರು ಲೋಟವನ್ನು ಮೇಜಿನ ಮೇಲಿಟ್ಟರು.

“ಅದರಲ್ಲಿ ಇಬ್ಬರ ಹೆಸರೂ ಬರ್ತದಾ?”

“ಬರ್ತದೆ. ಇಬ್ಬರೂ ಇಲ್ಲದಿದ್ರೆ ಅಳತೆ ಆಗುದಿಲ್ಲವಲ್ಲ.”

“ಬರಿ,” ಎಂದರು ಮಹಾಲಿಂಗೇಶ್ವರರು. ಅವಳಿಗೆ ಒಂದು ಕ್ಷಣ ಅದು ಯಾವ ಬರಿಯೆಂದು ತಿಳಿಯಲಿಲ್ಲ. ಬರೆಯಲು ಹೇಳುತ್ತಿದ್ದಾರೆಂದು ಆಮೇಲೆ ಗೊತ್ತಾಯಿತು.

ಅವಳು ಬರೆದಳು. ‘ಉದ್ದ ಮೂವತ್ತೈದು ಮೀಟರ್. 1966ರಿಂದ 1969ರವರೆಗೆ ಹಂತಹಂತವಾಗಿ ಹಗ್ಗ ಮತ್ತು ಕೋಲಿನಿಂದ ಅಳೆದದ್ದು. ಹಗ್ಗವನ್ನು ಒಳಗೆ ಒಯ್ದವರು ಪೂವಕ್ಕ, ಅಂಚನ್ ಬರಿ. ಕೋಲು ಇಟ್ಟವರು ಐತಪ್ಪ. ಮಾಹಿತಿ ನೀಡಿದವರು ಮಗ.’ ಮಿತಿಯೊಳಗೇ ಇತ್ತು. ಇನ್ನೂ ಜಾಗ ಉಳಿಯಿತು. ಅವಳು ಓದಿ ಹೇಳಿದಳು. ಅವರು ಇನ್ನೊಮ್ಮೆ ಓದಲು ಹೇಳಿದರು. ಇನ್ನೊಮ್ಮೆ ಓದಿದಳು.

ಗೆರೆ ಹಸಿರಾಯಿತು. ರಾಮಪ್ರಸಾದ್ ಒಳಗೆ ಬಂದು, ಯಾರನ್ನೂ ಏನನ್ನೂ ಕೇಳದೆ, ತನ್ನ ಮೇಜಿನಲ್ಲಿ ಕೂತು ಅಪ್ಲೋಡ್ ಒತ್ತಿದ. “ಅರವತ್ತಮೂರು,” ಎಂದ ಗಟ್ಟಿಯಾಗಿ.

“ಎಲ್ಲಿ ಕಾಣ್ತದೆ ಅದು?” ಎಂದರು ಮಹಾಲಿಂಗೇಶ್ವರರು.

ರಾಫಿಯಾ ಉಪಗ್ರಹದ ಚಿತ್ರ ತೆರೆದು ಹತ್ತಿರ ತಂದಳು. ಮೇಲಿನಿಂದ ತೆಗೆದ ಗುಡ್ಡ. ಗೋಡಂಬಿ ಮರಗಳ ತಲೆಗಳು, ಒಂದು ಕೆಂಪು ಮಣ್ಣಿನ ದಾರಿ, ಅವರ ಮನೆಯ ಹಂಚು. ಹಂಚಿನ ಹಿಂದೆ ಒಂದು ನೀಲಿ ಚುಕ್ಕಿ.

“ಇದು ಬಾಯಿ ಮಾತ್ರ,” ಎಂದಳು. “ಒಳಗಿನದು ಆಕಾಶದಿಂದ ಕಾಣುದಿಲ್ಲ.”

ಅವರು ಕನ್ನಡಕ ತೆಗೆದು, ಮುಖವನ್ನು ಪರದೆಯ ಹತ್ತಿರ ತಂದು, ನೀಲಿ ಚುಕ್ಕಿಯ ಮೇಲೆ ತೋರುಬೆರಳಿಟ್ಟರು. ಅದನ್ನು ಎತ್ತದೆ, ಮರಗಳ ಹಸಿರಿನ ಮೇಲೆ ನಿಧಾನಕ್ಕೆ ಗುಡ್ಡದ ಒಳಗೆ ಸರಿಸಿದರು. ಪರದೆಯ ಧೂಳಿನಲ್ಲಿ ಬೆರಳಿನ ಗುರುತು ಹಿಂದೆಯೇ ಬಂತು. ಸ್ವಲ್ಪ ದೂರ ನೇರ ಹೋಗಿ ಒಂದೆಡೆ ಬೆರಳು ನಿಂತಿತು. ಆಮೇಲೆ ಬಲಕ್ಕೆ ತಿರುಗಿತು.